ಒಂಬತ್ತನೇ ಕ್ಲಾಸು ಬೇರೆ ಊರಲ್ಲೇಕೆ?

ಪ್ರಶ್ನೆ: ಶಿಕಾಗೊ ಹತ್ತಿರದ ನ್ಯೂ ಟ್ರಿಯರ್ ಸರ್ಕಾರಿ ಹೈಸ್ಕೂಲಿನ ಒಂಬತ್ತನೇ ತರಗತಿ ಮಾತ್ರ ಪಕ್ಕದೂರಿನಲ್ಲಿ ನಡೆಯುತ್ತದಂತೆ. ಏಕೆ?

ಉತ್ತರ: ಮಕ್ಕಳ ಸಂಖ್ಯೆಯ ಏರಿಳಿತವೇ ಕಾರಣ. ಶಿಕಾಗೊದ ಉಪನಗರ ವಿನೆಟ್ಕಾದಲ್ಲಿ ಶಾಲೆ ಶುರುವಾದದ್ದು 1901ರಲ್ಲಿ, 76 ಮಕ್ಕಳೊಂದಿಗೆ. ಎರಡನೇ ಮಹಾಯುದ್ಧದ ನಂತರ ಹುಟ್ಟಿದವರೆಲ್ಲ ಹೈಸ್ಕೂಲು ಮೆಟ್ಟಿಲೇರಿದಾಗ ಜಾಗ ಸಾಲಲಿಲ್ಲ. 1965ರಲ್ಲಿ ಪಕ್ಕದೂರು ನಾರ್ತ್‌ಫೀಲ್ಡಿನಲ್ಲಿ ಇನ್ನೊಂದು ಆವರಣ ತೆರೆದರು. ಅದು ಬೇರೆಯೇ ಹೈಸ್ಕೂಲಾಯಿತು. ಆದರೆ ಉಪನಗರಗಳ ಪಾಡೇ ಇದು: ಬಂದ ದಂಪತಿ ಅಲ್ಲೇ ನೆಲೆಸುತ್ತಾರೆ, ಮಕ್ಕಳು ಬೆಳೆದು ಹೊರಟುಬಿಡುತ್ತಾರೆ, ತರಗತಿಗಳು ಖಾಲಿ. 1981ರಲ್ಲಿ ಎರಡನ್ನೂ ಒಂದು ಮಾಡಿದರು. ಪುಣ್ಯಕ್ಕೆ ನಾರ್ತ್‌ಫೀಲ್ಡಿನ ಕಟ್ಟಡ ಮಾರಲಿಲ್ಲ! ಸಂಖ್ಯೆ ಮತ್ತೆ ಏರಿದ ಮೇಲೆ, 2001ರಿಂದ ಒಂಬತ್ತನೆಯವರು ನಾರ್ತ್‌ಫೀಲ್ಡಿನಲ್ಲಿ, 10ರಿಂದ 12ರವರು ವಿನೆಟ್ಕಾದಲ್ಲಿ.