ಪ್ರೌಢಶಾಲೆಯ ಆಟಗಾರರಲ್ಲಿ ಕ್ರೀಡಾ ಮನೋಭಾವ ಬೆಳೆಸುವುದು ಹೇಗೆ?

ಮಕ್ಕಳಿಗೆ ಭಾಷಣ ಮಾಡುವ ಮೊದಲು ಮೈದಾನದ ಅಂಚಿನಲ್ಲಿ ನಿಂತ ದೊಡ್ಡವರನ್ನು ನೋಡಿ. ರೆಫ್ರಿಯ ತೀರ್ಪಿಗೆ ಕೋಚ್ ಕೂಗಾಡಿದರೆ, ಎದುರು ತಂಡದ ಹುಡುಗನನ್ನು ಪೋಷಕರು ಮೂದಲಿಸಿದರೆ, ಹದಿನೈದರ ವಯಸ್ಸಿನವರು ಕಲಿಯುವುದು ಅದನ್ನೇ. ಹಾಗಾಗಿ ಪಂದ್ಯಗಳು ಶುರುವಾಗುವ ಮುನ್ನವೇ ಪೋಷಕರನ್ನೂ ಕೂರಿಸಿ ನಿಯಮ ಹೇಳಬೇಕು.

ಚರ್ಚೆಗೆ ಒಳ್ಳೆಯ ನಿಜ ಘಟನೆಯೊಂದಿದೆ. 2012ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ಕ್ರಾಸ್ ಕಂಟ್ರಿ ಓಟವೊಂದರಲ್ಲಿ ಮುಂದಿದ್ದ ಕೀನ್ಯಾದ ಆಬೆಲ್ ಮುಟಾಯ್, ಓಟ ಮುಗಿಯಿತೆಂದುಕೊಂಡು ಗೆರೆಗಿಂತ ಸ್ವಲ್ಪ ಹಿಂದೆಯೇ ನಿಧಾನಿಸಿದರು. ಹಿಂದಿದ್ದ ಇವಾನ್ ಫರ್ನಾಂಡಿಸ್ ಅನಾಯಾ, ಮುಟಾಯ್ ಅವರನ್ನು ದಾಟಲಿಲ್ಲ. ಸನ್ನೆ ಮಾಡಿ ಮುಂದೆ ಕಳಿಸಿ ತಾವು ಎರಡನೆಯವರಾದರು. ಸ್ವಾರಸ್ಯ ಇರುವುದು ಮುಂದೆ: ಅನಾಯಾ ಅವರ ಕೋಚ್, 1995ರ ವಿಶ್ವ ಮ್ಯಾರಥಾನ್ ಚಾಂಪಿಯನ್ ಮಾರ್ಟಿನ್ ಫಿಜ್, ತಾವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದರು. ಇಬ್ಬರಲ್ಲಿ ಯಾರು ಸರಿ ಎಂದು ಮಕ್ಕಳೇ ವಾದಿಸಲಿ, ಉತ್ತರವನ್ನು ನೀವು ಮೊದಲೇ ಕೊಡಬೇಡಿ.

ರೆಫ್ರಿಯ ಜೊತೆ ನಾಯಕ ಮಾತ್ರ ಮಾತಾಡಬೇಕೆಂಬ ಕಟ್ಟುಪಾಡು ಬಹಳ ಉಪಯುಕ್ತ. ಯುರೋ 2024 ಫುಟ್‌ಬಾಲ್‌ನಲ್ಲಿ ಇದನ್ನೇ ತಂದರು. ಕೈಕುಲುಕುವುದು, ಅತಿಥಿ ತಂಡವನ್ನು ಸ್ವಾಗತಿಸುವುದು ಇರಲಿ, ಆದರೆ ಅಷ್ಟೇ ಆದರೆ ಶಾಸ್ತ್ರವಾಗಿಬಿಡುತ್ತದೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ತಂಡದ ಅತ್ಯುತ್ತಮ ಆಟಗಾರ ಬೈದಾಗ ಬರುತ್ತದೆ. ಫೈನಲ್ ಇದ್ದರೂ ಅವನನ್ನು ಬೆಂಚಿನಲ್ಲಿ ಕೂರಿಸುವ ಧೈರ್ಯ ಶಾಲೆಗಿರಬೇಕು. ಇಲ್ಲದಿದ್ದರೆ ನಿಯಮ ಉಳಿದವರಿಗಷ್ಟೇ ಎಂದು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ.