ಕಡಲು ದೂರ ಇದ್ದರೆ ಸಾಕೇ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ನೋಡುತ್ತಿದ್ದಾರೆ. ಅದು ಚಂಡಮಾರುತದ ಸೀಮೆ ಅಲ್ವಾ ಅಂದರೆ, ‘ಅಮ್ಮಾ, ಕಡಲು ಇಲ್ಲಿಂದ ಸುಮಾರು 100 ಕಿ.ಮೀ. ದೂರ, ಸುಮ್ನೆ ಹೆದರಬೇಡ’ ಅನ್ನುತ್ತಾಳೆ. ನೀವು ಅಲ್ಲಿ ಮಗನ ಮನೆಯಲ್ಲಿ ಇದ್ದವರು. ನಿಜ ಹೇಳಿ ಸಾರ್.
— ಓದುಗರೊಬ್ಬರು, ಮೈಸೂರು

ಉತ್ತರ: ಮಗಳು ಹೇಳಿದ್ದು ಅರ್ಧ ನಿಜ ಅಮ್ಮ. ಕಡಲಿನ ಅಲೆ ಕೇಟಿಗೆ ಬರುವುದಿಲ್ಲ. ಆದರೆ 2017ರ ಆಗಸ್ಟ್ 25ರ ರಾತ್ರಿ ಹಾರ್ವೆ ಚಂಡಮಾರುತ ದಡಕ್ಕೆ ಬಡಿದದ್ದು ರಾಕ್‌ಪೋರ್ಟ್ ಹತ್ತಿರ, ನಮ್ಮಿಂದ 200 ಕಿ.ಮೀ.ಗೂ ಆಚೆ. ನಮ್ಮಲ್ಲಿ ಗಾಳಿ ಅಷ್ಟೇನೂ ಇರಲಿಲ್ಲ. ಮಳೆ ಮಾತ್ರ ದಿನಗಟ್ಟಲೆ ಹಿಡಿದುಕೊಂಡಿತು. ಕೊನೆಗೆ ಹನಿ ಕಡಿಮೆಯಾಯಿತು, ಇನ್ನು ಇಳಿಯುತ್ತದೆ ಅಂದುಕೊಂಡೆವು. ಹಿತ್ತಿಲಿನ ನೀರು ಏರುತ್ತಲೇ ಹೋಯಿತು! ಅಕ್ಕಿ ಮೂಟೆ ಹೊತ್ತು ಮಹಡಿ ಹತ್ತಿದೆ. ಸೊಸೆ ಮೊದಲು ಎತ್ತಿಕೊಂಡದ್ದು ಮಿಕ್ಸಿ.

ಕಾರಣ ಆಮೇಲೆ ತಿಳಿಯಿತು. ಹ್ಯೂಸ್ಟನ್ ಪೇಟೆ ಉಳಿಸಲು 1940ರ ದಶಕದಲ್ಲಿ ಬಾರ್ಕರ್, ಆಡಿಕ್ಸ್ ಅಂತ ಎರಡು ಜಲಾಶಯ ಕಟ್ಟಿದರು. ಜೋರು ಮಳೆಯ ನೀರು ತಡೆಯಲಷ್ಟೇ ಇವು, ಮಿಕ್ಕಂತೆ ಬೇಸಿಗೆ, ಚಳಿಗಾಲ ಎನ್ನದೆ ಒಣಗಿಯೇ ಇರುತ್ತವೆ. ಒಳಗೆ ಪಾರ್ಕು, ಆಟದ ಮೈದಾನ. ನಾನು ಅಲ್ಲೇ ವಾಕಿಂಗ್ ಹೋಗುತ್ತಿದ್ದೆ, ಕೆರೆ ಅಂತ ಅನ್ನಿಸಲೇ ಇಲ್ಲ. ತುಂಬಿದರೆ ಮುಳುಗುವ ಜಾಗವನ್ನೆಲ್ಲ ಸರ್ಕಾರ ಕೊಂಡಿರಲಿಲ್ಲ. ಮಿಕ್ಕಿದ್ದರಲ್ಲಿ ಲೇಔಟ್ ಎದ್ದವು. ನಮ್ಮ ಮಾತಲ್ಲಿ ಹೇಳಬೇಕೆಂದರೆ ಕೆರೆಯಂಗಳದ ಸೈಟು! ಬೆಂಗಳೂರಿನಲ್ಲಿ ಇಂಥದ್ದನ್ನು ಕಂಡು ಬೈದವನು ನಾನು, ಅಲ್ಲಿ ಹೋಗಿ ಗೃಹಪ್ರವೇಶದ ಊಟ ಮಾಡಿದ್ದೆ. ಜಲಾಶಯದ ಏರಿಯ ಆಚೆ ಕಡೆಯವರೂ ಪಾರಾಗಲಿಲ್ಲ. ಗೇಟು ತೆಗೆದಾಗ ಅಲ್ಲಿನ ಮನೆಗಳಿಗೂ ನೀರು ನುಗ್ಗಿತು.

ಆದ್ದರಿಂದ ಮನೆ ಏರಿಯ ಯಾವ ಕಡೆ ಇದೆ, ಎಷ್ಟು ಎತ್ತರದಲ್ಲಿದೆ ಅಂತ ಕೇಳಲಿ. ಜಲಾಶಯ ತುಂಬಿದಾಗ ಮುಳುಗುವ ಜಾಗವೇ ಎಂಬುದನ್ನು ಮಾರುವವರು ಬರೆದು ಕೊಡಬೇಕು, 2019ರಿಂದ ಟೆಕ್ಸಸ್‌ನಲ್ಲಿ ಹಾಗೆ ಕಾನೂನಿದೆ. ಆ ಕಾಗದ ಓದದೆ ಸಹಿ ಬೇಡ. ಮಾಮೂಲಿ ಮನೆ ವಿಮೆ ಪ್ರವಾಹದ ನಷ್ಟ ಕೊಡುವುದಿಲ್ಲ. ಅದಕ್ಕೆ ಬೇರೆ ವಿಮೆ. ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತದೆ, ಟಿವಿಯಲ್ಲಿ ಚಂಡಮಾರುತ ಕಂಡ ಮೇಲೆ ಓಡಿದರೆ ಆಗಲ್ಲ. ಪ್ರವಾಹದ ನಕ್ಷೆಯಲ್ಲಿ ನಮ್ಮ ಬೀದಿಗೆ ಅಪಾಯ ಕಡಿಮೆ ಅಂತಿತ್ತು. ಸಾಲ ಕೊಟ್ಟ ಬ್ಯಾಂಕು ಆ ವಿಮೆ ಕೇಳಲಿಲ್ಲ, ಮಗ ಮಾಡಿಸಲಿಲ್ಲ. ನೆಲ, ಗೋಡೆ, ಸೋಫಾ ಎಲ್ಲದರ ಖರ್ಚೂ ಕೈಯಿಂದಲೇ.

ಇನ್ನು ಕರೆಂಟು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಜನರೇಟರ್ ಕೊಂಡರೆ ಅಳಿಯನಿಗೆ ಹೇಳಿ: ಗ್ಯಾರೇಜಿನೊಳಗೆ ಇಟ್ಟು ಓಡಿಸಬಾರದು, ಬಾಗಿಲು ತೆಗೆದಿದ್ದರೂ ಬೇಡ. ಅದರ ಹೊಗೆಗೆ ಜನ ಸತ್ತಿದ್ದಾರೆ.