ನರನೋವಿಗೆ ಪಿಇಎ ಪೂರಕ: ಎಷ್ಟು ನಂಬಬಹುದು?

ಪ್ರಶ್ನೆ: ನನಗೆ 58 ವರ್ಷ. ಸೊಂಟದಿಂದ ಬಲಗಾಲಿಗೆ ಇಳಿಯುವ ಸಯಾಟಿಕಾ ನೋವು ಬಹಳ ಕಾಲದಿಂದ ಕಾಡುತ್ತಿದೆ. ನೋವಿನ ಮಾತ್ರೆಗಳಿಂದ ಈಚೆಗೆ ಎದೆಯುರಿ ಶುರುವಾಗಿದೆ. ಪರಿಚಿತರೊಬ್ಬರು ಪಿಇಎ ಎಂಬ ನೈಸರ್ಗಿಕ ಕೊಬ್ಬಿನಾಮ್ಲದ ಪೂರಕವನ್ನು ಸೂಚಿಸಿದ್ದಾರೆ. ಅದನ್ನು ಸೇವಿಸಿ ಈಗಿನ ಮಾತ್ರೆಗಳನ್ನು ನಿಲ್ಲಿಸಬಹುದೇ?

ಉತ್ತರ: ಪಿಇಎ, ಅಂದರೆ ಪಾಲ್ಮಿಟೊಯ್ಲ್‌ಎಥನಾಲಮೈಡ್, ಪಾಲ್ಮಿಟಿಕ್ ಎಂಬ ಕೊಬ್ಬಿನಾಮ್ಲದಿಂದ ನಮ್ಮ ದೇಹವೇ ತಯಾರಿಸಿಕೊಳ್ಳುವ ವಸ್ತು. 1957ರಲ್ಲಿ ಇದನ್ನು ಮೊಟ್ಟೆಯ ಹಳದಿ, ಸೋಯಾ ಮತ್ತು ಕಡಲೆಕಾಯಿಯಿಂದ ಬೇರ್ಪಡಿಸಲಾಯಿತು. ಉರಿಯೂತವನ್ನು ಕೆರಳಿಸುವ ಮಾಸ್ಟ್ ಕೋಶಗಳನ್ನು ಇದು ಹತೋಟಿಯಲ್ಲಿಡುತ್ತದೆ ಎಂಬ ವಿವರಣೆಯನ್ನು ನೊಬೆಲ್ ಪುರಸ್ಕೃತೆ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸಂಗಡಿಗರು 1993ರಲ್ಲಿ ಮುಂದಿಟ್ಟರು. ಹಾಗೆಂದು ‘ನೈಸರ್ಗಿಕ’ ಎಂಬ ಹಣೆಪಟ್ಟಿಯನ್ನೇ ಪರಿಣಾಮಕ್ಕೆ ಪುರಾವೆಯೆಂದು ತಿಳಿಯಬೇಡಿ.

ನಿಮ್ಮದೇ ತೊಂದರೆಯಿದ್ದ 600ಕ್ಕೂ ಹೆಚ್ಚು ಮಂದಿಯ ಮೇಲೆ ಮೂರು ವಾರ ನಡೆದ ಪ್ರಯೋಗವೊಂದರಲ್ಲಿ, ದಿನಕ್ಕೆ 600 ಮಿಲಿಗ್ರಾಂ ಪಡೆದವರ ನೋವು, 300 ಮಿಲಿಗ್ರಾಂ ಪಡೆದವರಿಗಿಂತಲೂ ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಿಗಿಂತಲೂ ಹೆಚ್ಚು ತಗ್ಗಿತು. ಆದರೆ ಬೆನ್ನುಹುರಿಗೆ ಪೆಟ್ಟಾಗಿ ನರನೋವು ಅನುಭವಿಸುತ್ತಿದ್ದ 73 ಮಂದಿಗೆ ಇದರ ಇಮ್ಮಡಿ ಪ್ರಮಾಣವನ್ನು 12 ವಾರ ಕೊಟ್ಟಾಗ ಹುಸಿಮಾತ್ರೆಗೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. 2023ರಲ್ಲಿ 11 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಪಿಇಎ ಪರವಾಗಿಯೇ ಇದ್ದರೂ, ಅವುಗಳಲ್ಲಿ ಭಾಗವಹಿಸಿದವರು ಎಲ್ಲ ಸೇರಿ 774 ಮಂದಿ ಮಾತ್ರ, ನೋವಿನ ಕಾರಣಗಳೂ ಬೇರೆಬೇರೆ. ಆದ್ದರಿಂದ ಪರೀಕ್ಷಿಸಿ ನೋಡಬಹುದಾದ ಪೂರಕವಿದು, ನೆಚ್ಚಿಕೊಂಡು ಕೂರಬಹುದಾದ ಔಷಧವಲ್ಲ ಎಂಬುದು ನನ್ನ ಅಭಿಪ್ರಾಯ.

ಸಯಾಟಿಕಾ ತಾನಾಗಿಯೇ ಏರುತ್ತ ಇಳಿಯುತ್ತ ಇರುವುದರಿಂದ, ಇಳಿದ ದಿನದ ಶ್ರೇಯಸ್ಸು ಆಗ ನುಂಗುತ್ತಿದ್ದ ಮಾತ್ರೆಗೆ ಸುಲಭವಾಗಿ ಸಂದುಬಿಡುತ್ತದೆ. ಅದನ್ನು ತಪ್ಪಿಸಲು, ವೈದ್ಯರು ಒಪ್ಪಿದರೆ, ಆರಂಭಿಸುವ ಮುನ್ನ ಒಂದು ವಾರ ಬೆಳಿಗ್ಗೆ ಮತ್ತು ರಾತ್ರಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ನಿಲ್ಲದೆ ಎಷ್ಟು ಹೊತ್ತು ನಡೆದಿರಿ, ರಾತ್ರಿ ಎಷ್ಟು ಬಾರಿ ಎಚ್ಚರವಾಯಿತು ಎಂಬುದನ್ನೂ ಬರೆದಿಡಿ. ಬಳಿಕ ಬೇರೇನನ್ನೂ ಬದಲಿಸದೆ ಎರಡು ತಿಂಗಳು ಪೂರಕವನ್ನು ಸೇವಿಸುತ್ತ ಅದೇ ಲೆಕ್ಕ ಮುಂದುವರಿಸಿ. ಸರಾಸರಿ ಅಂಕ ಎರಡರಷ್ಟಾದರೂ ಇಳಿಯದಿದ್ದರೆ ನಿಲ್ಲಿಸಿಬಿಡಿ. ಪ್ರಯೋಗಗಳಲ್ಲಿ ಅಡ್ಡಪರಿಣಾಮಗಳು ಹೆಚ್ಚಾಗಿ ಹೊಟ್ಟೆಯ ಸಣ್ಣಪುಟ್ಟ ತೊಂದರೆಗಳಷ್ಟೇ ಆಗಿದ್ದವು. ವರ್ಷಗಟ್ಟಲೆ ಸೇವಿಸಿದವರ ಮಾಹಿತಿ ಮಾತ್ರ ತೀರ ಕಡಿಮೆ.

ಈಗಿನ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಅವುಗಳಲ್ಲಿ ನರನೋವಿನ ಔಷಧವಾದ ಗಾಬಾಪೆಂಟಿನ್‌ನಂಥದ್ದಿದ್ದರೆ ಹಂತಹಂತವಾಗಿಯೇ ತಗ್ಗಿಸಬೇಕು. ಎದೆಯುರಿಯ ವಿಷಯವನ್ನು ಎರಡು ತಿಂಗಳು ಕಾಯದೆ ಈಗಲೇ ವೈದ್ಯರಿಗೆ ತಿಳಿಸಿ. ಮಲ ಕಪ್ಪಾದರೆ, ಪಾದ ಎತ್ತಲಾಗದಷ್ಟು ಕಾಲು ಸೋತರೆ, ತೊಡೆಗಳ ನಡುವೆ ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.